ಶ್ವಾಸಕೋಶದ ಫೈಬ್ರೋಸಿಸ್‌ನಲ್ಲಿ ಎಂಡೋಥೆಲಿನ್-1ರ ಪಾತ್ರ: ಲ್ಯಾಬಿನಲ್ಲಿ ಪರೀಕ್ಷಿಸುವ ಬಗೆ

ಎಂಡೋಥೆಲಿನ್-1 ಬರೀ 21 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್. 1988ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಮಸಾಶಿ ಯಾನಗಿಸಾವಾ ಮತ್ತು ಸಂಗಡಿಗರು, ಹಂದಿಯ ಮಹಾಪಧಮನಿಯ ಒಳಪದರದ ಜೀವಕೋಶಗಳನ್ನು ಬೆಳೆಸಿದ ದ್ರವದಿಂದ ಅದನ್ನು ಬೇರ್ಪಡಿಸಿದರು. ಮೊದಲು ಅದು ಹೆಸರಾದದ್ದು ರಕ್ತನಾಳಗಳನ್ನು ಬಿಗಿಗೊಳಿಸುವ ಶಕ್ತಿಗೆ. ಐದೇ ವರ್ಷಗಳಲ್ಲಿ, ಕಲೆಗಟ್ಟಿದ (ಫೈಬ್ರೋಸಿಸ್ ಆದ) ಶ್ವಾಸಕೋಶದ ಅಂಗಾಂಶದಲ್ಲಿ ಅದು ಹೆಚ್ಚಾಗಿ ಕಾಣುತ್ತದೆ ಎಂಬ ವರದಿ ಬಂತು. 2000ದಲ್ಲಿ, ಮನುಷ್ಯರ ಎಂಡೋಥೆಲಿನ್-1 ಜೀನನ್ನು ಸೇರಿಸಿದ ಇಲಿಗಳಿಗೆ ಬೇರೆ ಯಾವ ಗಾಯವೂ ಇಲ್ಲದೆ ಫೈಬ್ರೋಸಿಸ್ ಬಂತು. ಇಷ್ಟೆಲ್ಲ ಆದಮೇಲೆ ಇದರ ರಿಸೆಪ್ಟರ್ (ಪೆಪ್ಟೈಡ್ ಅಂಟುವ ಕೋಶದ ಪ್ರೋಟೀನ್) ತಡೆಯುವ ಮದ್ದುಗಳನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಒಂದೂ ಫಲ ಕೊಡಲಿಲ್ಲ, ಒಂದು ಮದ್ದು ಹಾನಿಯನ್ನೇ ಮಾಡಿತು.

ಈ ಪೆಪ್ಟೈಡ್ ಮೇಲೆ ಹೊಸದಾಗಿ ಕೆಲಸ ಹಿಡಿಯುವವರು ಆ ಸೋಲನ್ನು ತಲೆಯಲ್ಲಿಟ್ಟುಕೊಂಡೇ ಪ್ರಯೋಗ ಕಟ್ಟಬೇಕು. ಪ್ಲೇಟಿನಲ್ಲಿ ಎಂಡೋಥೆಲಿನ್ ಸುರಿದು ಕೊಲಾಜನ್ (ಕಲೆಯ ಮುಖ್ಯ ಪ್ರೋಟೀನ್) ಏರಿತೆಂದು ತೋರಿಸುವುದು ಸುಲಭ, ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಎಂ.ಎಸ್‌ಸಿ ಪ್ರಾಜೆಕ್ಟ್, ಎಂ.ಫಾರ್ಮ್ ಪ್ರಬಂಧ ಅಥವಾ ಪಿಎಚ್‌ಡಿಯ ಮೊದಲ ವರ್ಷದಲ್ಲಿರುವ, ಕೋಶಗಳನ್ನು ಬೆಳೆಸುವ ಕೆಲಸ ಸ್ವಲ್ಪ ಗೊತ್ತಿರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ.

ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಮಾಡಿ

"ಪಾತ್ರ" ಎನ್ನುವಾಗ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರಲ್ಲೊಂದು ಕಲೆತುಹೋಗುತ್ತವೆ. ರೋಗ ಇರುವಲ್ಲಿ ಈ ಪೆಪ್ಟೈಡ್ ಇದೆಯೇ? ಇದೊಂದನ್ನೇ ಕೊಟ್ಟರೆ ಕಲೆ ಹುಟ್ಟುತ್ತದೆಯೇ? ಇದನ್ನು ತಡೆದರೆ, ಅದೂ ಈಗಾಗಲೇ ಹುಟ್ಟಿದ ಕಲೆಯ ಮೇಲೆ, ಏನಾದರೂ ಕಡಿಮೆಯಾಗುತ್ತದೆಯೇ? ಮೊದಲೆರಡಕ್ಕೆ "ಹೌದು" ಎಂಬ ಉತ್ತರ ದಶಕಗಳ ಹಿಂದೆಯೇ ಸಿಕ್ಕಿದೆ. ನಿಮ್ಮ ಸಮಯವನ್ನು ಮೂರನೆಯದಕ್ಕೆ ಇಡಿ. ಕೆಳಗಿನ ಪ್ರಯೋಗಗಳಲ್ಲಿ ಪೆಪ್ಟೈಡ್ ಸೇರಿಸುವ ಗುಂಪುಗಳಿಗಿಂತ ತಡೆಯುವ ಗುಂಪುಗಳಿಗೆ ಹೆಚ್ಚು ಜಾಗ ಕೊಟ್ಟಿರುವುದು ಇದೇ ಕಾರಣಕ್ಕೆ.

ಜೀವರಸಾಯನವನ್ನು ಎರಡು ಮಾತಿನಲ್ಲಿ ಹೇಳಬಹುದು. ಕೋಶ ಮೊದಲು ಉದ್ದನೆಯ ಸರಪಳಿ ತಯಾರಿಸಿ, ಅದನ್ನು 38 ಅಮೈನೋ ಆಮ್ಲಗಳ "ಬಿಗ್ ಎಂಡೋಥೆಲಿನ್" ಆಗಿ ಕತ್ತರಿಸುತ್ತದೆ. ಎಂಡೋಥೆಲಿನ್ ಕನ್ವರ್ಟಿಂಗ್ ಎನ್‌ಜೈಮ್ ಎಂಬ ಕಿಣ್ವ ಅದರ 21 ಮತ್ತು 22ನೇ ಅಮೈನೋ ಆಮ್ಲಗಳ ನಡುವೆ ಕತ್ತರಿಸಿದ ಮೇಲೆ ಕೆಲಸ ಮಾಡುವ ಪೆಪ್ಟೈಡ್ ಸಿಗುತ್ತದೆ. ಅದು ಎರಡು ರಿಸೆಪ್ಟರ್‌ಗಳಿಗೆ ಅಂಟುತ್ತದೆ: ಇಟಿ-ಎ ಮತ್ತು ಇಟಿ-ಬಿ. ಫೈಬ್ರೋಬ್ಲಾಸ್ಟನ್ನು (ಕೊಲಾಜನ್ ತಯಾರಿಸುವ ಕೋಶವನ್ನು) ಮಯೋಫೈಬ್ರೋಬ್ಲಾಸ್ಟ್ (ಎಳೆಯುವ, ಕಲೆ ಕಟ್ಟುವ ಕೋಶ) ಮಾಡುವ ಸಂಕೇತ ಮುಖ್ಯವಾಗಿ ಇಟಿ-ಎ ಮೂಲಕ ಹೋಗುತ್ತದೆ. ಇಟಿ-ಬಿಗೆ ಇನ್ನೊಂದು ಕೆಲಸವಿದೆ: ರಕ್ತದಲ್ಲಿ ಹರಿಯುವ ಎಂಡೋಥೆಲಿನ್ನನ್ನು ಹಿಡಿದು ಒಳಗೆಳೆದು ತೆಗೆದುಹಾಕುವುದು. ಈ ತೆರವಿನ ಕೆಲಸ ಬಹುಪಾಲು ನಡೆಯುವುದೂ ಶ್ವಾಸಕೋಶದಲ್ಲೇ. ಈ ಒಂದು ಸಂಗತಿ ಮರೆತರೆ ಮುಂದಿನ ಅರ್ಧ ಫಲಿತಾಂಶಗಳು ಗೊಂದಲವಾಗಿ ಕಾಣುತ್ತವೆ.

ಪೆಪ್ಟೈಡ್ ಕರಗಿಸುವುದು

ಹೆಚ್ಚು ಪ್ರಯೋಗಗಳು ಕೆಡುವುದು ಇಲ್ಲೇ. ಎಂಡೋಥೆಲಿನ್-1ರ ಅಣುತೂಕ ಸುಮಾರು 2492. ಹಾಗಾಗಿ 0.5 ಮಿಲಿಗ್ರಾಂ ಶುದ್ಧ ಪೆಪ್ಟೈಡನ್ನು 2 ಮಿಲೀ ದ್ರವದಲ್ಲಿ ಕರಗಿಸಿದರೆ 100 ಮೈಕ್ರೋಮೋಲಾರ್ ಸ್ಟಾಕ್ ಆಗುತ್ತದೆ. ಆದರೆ ಶೀಶೆಯ ಜೊತೆ ಬರುವ ಪ್ರಮಾಣಪತ್ರದಲ್ಲಿ "ನೆಟ್ ಪೆಪ್ಟೈಡ್" ಎಷ್ಟೆಂದು ಓದಿ. ಒಣಪುಡಿಯಲ್ಲಿ ನೀರು, ಅಸಿಟೇಟ್ ಅಥವಾ ಟಿಎಫ್‌ಎ ಲವಣವೂ ಸೇರಿರುತ್ತದೆ. ನೆಟ್ 80% ಇದ್ದರೆ ಅದೇ 0.5 ಮಿಲಿಗ್ರಾಂಗೆ 1.6 ಮಿಲೀ ಮಾತ್ರ ಹಾಕಬೇಕು.

ಶೀಶೆಯನ್ನು ಫ್ರೀಜರಿನಿಂದ ತೆಗೆದ ಕೂಡಲೇ ತೆರೆಯಬೇಡಿ. ಅರ್ಧ ಗಂಟೆ ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ಗಾಳಿಯ ತೇವ ಪುಡಿಗೆ ಇಳಿಯುತ್ತದೆ. ತೆರೆಯುವ ಮೊದಲು ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ, ಏಕೆಂದರೆ ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಸ್ಟೆರೈಲ್ ನೀರಿನಲ್ಲಿ ಅಥವಾ 0.1% ಅಸಿಟಿಕ್ ಆಮ್ಲದಲ್ಲಿ ಕರಗಿಸಿ. ವಾರ್ಟೆಕ್ಸ್ ಬೇಡ, ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಸಾಕು. 20 ಮೈಕ್ರೋಲೀಟರ್‌ನಂತೆ ಕಡಿಮೆ ಅಂಟುವ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿದ ಟ್ಯೂಬನ್ನು ಮತ್ತೆ ಫ್ರೀಜ್ ಮಾಡಬಾರದು.

ನ್ಯಾನೋಮೋಲಾರ್ ಮಟ್ಟಕ್ಕೆ ಇಳಿಸುವಾಗ ಪೆಪ್ಟೈಡ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು ಮಾಯವಾಗುತ್ತದೆ. ಆದ್ದರಿಂದ ಇಳಿಸುವ ಮೀಡಿಯಂನಲ್ಲಿ 0.1% ಬಿಎಸ್‌ಎ (ಹಸುವಿನ ಸೀರಮ್ ಆಲ್ಬ್ಯುಮಿನ್) ಇರಲೇಬೇಕು. ಕಂಟ್ರೋಲ್ ವೆಲ್‌ಗಳಿಗೂ ಅದೇ ಬಿಎಸ್‌ಎ, ಅದೇ ಅಸಿಟಿಕ್ ಆಮ್ಲ ಹಾಕಿ. ಡಿಟಿಟಿ, ಬೀಟಾ-ಮರ್ಕ್ಯಾಪ್ಟೋಎಥನಾಲ್ ಇರುವ ಯಾವ ದ್ರವವನ್ನೂ ಹತ್ತಿರ ತರಬೇಡಿ. ಈ ಪೆಪ್ಟೈಡ್ ತನ್ನ ಆಕಾರ ಉಳಿಸಿಕೊಂಡಿರುವುದು ಎರಡು ಡೈಸಲ್ಫೈಡ್ ಸೇತುವೆಗಳಿಂದ (1 ಮತ್ತು 15ನೇ, 3 ಮತ್ತು 11ನೇ ಸಿಸ್ಟೀನ್‌ಗಳ ನಡುವೆ). ಅವು ಬಿಟ್ಟುಕೊಂಡರೆ ಪೆಪ್ಟೈಡ್ ಅಲ್ಲೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಪುಡಿ ತೂಗುವಾಗ ಕೈಗವಸು, ಮಾಸ್ಕ್ ಧರಿಸಿ. ಅಲ್ಪ ಪ್ರಮಾಣದಲ್ಲೂ ರಕ್ತನಾಳ ಬಿಗಿಸುವ ವಸ್ತುವಿದು.

ಹೊಸ ಬ್ಯಾಚ್ ಬಂದಾಗಲೆಲ್ಲ ಅದು ಕೆಲಸ ಮಾಡುತ್ತಿದೆಯೇ ಎಂದು ಮೊದಲು ನೋಡಿ. ಸೀರಮ್ ಕಡಿತ ಮಾಡಿದ ಫೈಬ್ರೋಬ್ಲಾಸ್ಟ್‌ಗಳಿಗೆ 100 ನ್ಯಾನೋಮೋಲಾರ್ ಕೊಟ್ಟು 5 ಮತ್ತು 10 ನಿಮಿಷಕ್ಕೆ ಫಾಸ್ಫೋ-ಇಆರ್‌ಕೆ (ಸಂಕೇತ ಒಳಗೆ ತಲುಪಿತೆಂದು ತೋರಿಸುವ ಪ್ರೋಟೀನ್) ವೆಸ್ಟರ್ನ್ ಮಾಡಿದರೆ ಸಾಕು, ಎರಡು ದಿನದಲ್ಲಿ ಉತ್ತರ ಸಿಗುತ್ತದೆ. ಫ್ಲೂವೋ-4 ಬಣ್ಣ ಮತ್ತು ಒಳ್ಳೆಯ ಪ್ಲೇಟ್ ರೀಡರ್ ಇದ್ದರೆ ಕ್ಯಾಲ್ಸಿಯಂ ಏರಿಕೆ ಸೆಕೆಂಡುಗಳಲ್ಲೇ ಕಾಣುತ್ತದೆ. ಈ ಪರೀಕ್ಷೆ ಬಿಟ್ಟು 72 ಗಂಟೆಗಳ ಕೊಲಾಜನ್ ಪ್ರಯೋಗಕ್ಕೆ ಹಾರಿದವರು, ಫಲಿತಾಂಶ ಬಾರದಾಗ ತಪ್ಪು ಪೆಪ್ಟೈಡಿನದೋ ಕೋಶದ್ದೋ ಎಂದು ಹೇಳಲಾರರು.

ಕೋಶಗಳು, ಸೀರಮ್, ಪ್ರಮಾಣ

ಎಂಆರ್‌ಸಿ-5 ಮತ್ತು ಐಎಂಆರ್-90 ಎರಡೂ ಭ್ರೂಣದ ಶ್ವಾಸಕೋಶದಿಂದ ಬಂದ ಫೈಬ್ರೋಬ್ಲಾಸ್ಟ್‌ಗಳು. ಕಲಿಯಲು, ಪ್ರಮಾಣ ಹೊಂದಿಸಲು ಇವು ಸಾಕು. ಆದರೆ ನಿಮ್ಮ ಮುಖ್ಯ ತೀರ್ಮಾನ ವಯಸ್ಕರ ಶ್ವಾಸಕೋಶದಿಂದ ತೆಗೆದ ಪ್ರಾಥಮಿಕ ಕೋಶಗಳ ಮೇಲೆ ನಿಲ್ಲಲಿ: 3ರಿಂದ 7ನೇ ಪ್ಯಾಸೇಜಿನವು, ಕನಿಷ್ಠ ಮೂವರು ದಾನಿಗಳಿಂದ ಬಂದವು. ಒಬ್ಬ ದಾನಿಯ ಕೋಶದ ಆರು ವೆಲ್‌ಗಳಿದ್ದರೆ ಎನ್ (ಮಾದರಿಗಳ ಸಂಖ್ಯೆ) ಒಂದೇ, ಆರಲ್ಲ. ಯಾವ ಕೋಶವಾದರೂ ಮೈಕೋಪ್ಲಾಸ್ಮಾ ಪರೀಕ್ಷೆ ಮುಗಿಸದೆ ಶುರು ಮಾಡಬೇಡಿ.

6 ವೆಲ್ ಪ್ಲೇಟಿನ ಪ್ರತಿ ವೆಲ್‌ಗೆ ಸುಮಾರು 1.5 ಲಕ್ಷ ಕೋಶ ಹಾಕಿ, ಮರುದಿನ 70ರಿಂದ 80% ತುಂಬಿದಾಗ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, 0.1ರಿಂದ 0.5% ಸೀರಮ್ ಇರುವ ಮೀಡಿಯಂಗೆ 24 ಗಂಟೆ ಬದಲಾಯಿಸಿ. ಸೀರಮ್‌ನಲ್ಲೇ ಫೈಬ್ರೋಬ್ಲಾಸ್ಟನ್ನು ಕೆರಳಿಸುವ ಟಿಜಿಎಫ್-ಬೀಟಾ (ಕಲೆ ಹುಟ್ಟಿಸುವ ಮುಖ್ಯ ಸಂಕೇತ ಪ್ರೋಟೀನ್), ಎಲ್‌ಪಿಎ ಇತ್ಯಾದಿ ಇರುತ್ತವೆ. 10% ಸೀರಮ್‌ನಲ್ಲಿ ಎಂಡೋಥೆಲಿನ್ ಹಾಕಿದರೆ ಅದರ ದನಿ ಕೇಳಿಸುವುದಿಲ್ಲ. ಕೊಲಾಜನ್ ಅಳೆಯುವುದಿದ್ದರೆ ಮೀಡಿಯಂಗೆ ಮಿಲೀಗೆ 50 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಮ್ಲ ಸೇರಿಸಿ. ಅದಿಲ್ಲದೆ ಪ್ರೊಲೀನ್ ಹೈಡ್ರಾಕ್ಸಿಲೇಷನ್ ಆಗದು, ಕೊಲಾಜನ್ ಸರಿಯಾಗಿ ಹೊರಬಾರದು.

ಪೆಟ್ಟಿಗೆಯಿಂದ ತೆಗೆದ ಮಾಮೂಲಿ ಪ್ಲಾಸ್ಟಿಕ್ ಪ್ಲೇಟಿನ ಇನ್ನೊಂದು ತೊಂದರೆ ಅದರ ಗಡಸುತನ. ಆರೋಗ್ಯವಂತ ಶ್ವಾಸಕೋಶದ ಬಿಗಿತ ಕೆಲವೇ ಕಿಲೋಪ್ಯಾಸ್ಕಲ್, ಪ್ಲಾಸ್ಟಿಕ್‌ನದು ಗಿಗಾಪ್ಯಾಸ್ಕಲ್. ಗಡಸು ನೆಲ ಸಿಕ್ಕ ಫೈಬ್ರೋಬ್ಲಾಸ್ಟ್ ಯಾರೂ ಹೇಳದೆಯೇ ಅರ್ಧ ಮಯೋಫೈಬ್ರೋಬ್ಲಾಸ್ಟ್ ಆಗಿಬಿಡುತ್ತದೆ. ಕಂಟ್ರೋಲ್ ವೆಲ್‌ನಲ್ಲೇ ಆಲ್ಫಾ-ಎಸ್‌ಎಂಎ (ಮಯೋಫೈಬ್ರೋಬ್ಲಾಸ್ಟ್‌ನ ಗುರುತಾದ ಆಕ್ಟಿನ್) ಪಟ್ಟಿ ಕಪ್ಪಗೆ ಬಂದರೆ ಕಾರಣ ಇದೇ ಇರಬಹುದು. 2 ಕಿಲೋಪ್ಯಾಸ್ಕಲ್ ಆಸುಪಾಸಿನ ಹೈಡ್ರೋಜೆಲ್ ಪ್ಲೇಟುಗಳು ದುಬಾರಿ, ಆದರೂ ಕೊನೆಯ ದೃಢೀಕರಣವನ್ನಾದರೂ ಅದರ ಮೇಲೆ ಮಾಡಿ.

ಪ್ರಮಾಣಕ್ಕೆ 0.1, 1, 10, 100 ನ್ಯಾನೋಮೋಲಾರ್ ನಾಲ್ಕನ್ನೂ ಹಾಕಿ. 2 ಮಿಲೀ ಮೀಡಿಯಂ ಇರುವ ವೆಲ್‌ಗೆ 100 ಮೈಕ್ರೋಮೋಲಾರ್ ಸ್ಟಾಕಿನ 2 ಮೈಕ್ರೋಲೀಟರ್ ಹಾಕಿದರೆ 100 ನ್ಯಾನೋಮೋಲಾರ್. ಪ್ರಕಟವಾದ ಬಹಳಷ್ಟು ಕೆಲಸ ಈ ಮೇಲಿನ ಪ್ರಮಾಣದಲ್ಲೇ ನಡೆದಿದೆ. ಅದರ ಅರ್ಥವೇನೆಂದು ಒಮ್ಮೆ ಲೆಕ್ಕ ಹಾಕಿ: 100 ನ್ಯಾನೋಮೋಲಾರ್ ಅಂದರೆ ಮಿಲೀಗೆ ಸುಮಾರು 250 ನ್ಯಾನೋಗ್ರಾಂ. ಆರೋಗ್ಯವಂತರ ಪ್ಲಾಸ್ಮಾದಲ್ಲಿ ಇರುವುದು ಮಿಲೀಗೆ ಕೆಲವೇ ಪಿಕೋಗ್ರಾಂ. ಕೋಶ ಕೋಶದ ನಡುವೆ ಸ್ಥಳೀಯವಾಗಿ ಮಟ್ಟ ಹೆಚ್ಚಿರುತ್ತದೆ ನಿಜ, ಆದರೂ ಹತ್ತಾರು ಸಾವಿರ ಪಟ್ಟಿನ ಈ ಅಂತರವನ್ನು ಪ್ರಬಂಧದಲ್ಲಿ ಬರೆಯದೆ ಬಿಡುವುದು ಸರಿಯಲ್ಲ. 1 ನ್ಯಾನೋಮೋಲಾರ್‌ನಲ್ಲೇ ಪರಿಣಾಮ ಕಂಡರೆ ನಿಮ್ಮ ವಾದಕ್ಕೆ ಬಲ ಹೆಚ್ಚು.

ಕೋಶಗಳ ಮೇಲಿರುವ ನೆಪ್ರಿಲೈಸಿನ್ ಮುಂತಾದ ಕಿಣ್ವಗಳು ಪೆಪ್ಟೈಡನ್ನು ಕಡಿಯುತ್ತಾ ಹೋಗುತ್ತವೆ. 48 ಗಂಟೆ ಮೀರಿದ ಪ್ರಯೋಗದಲ್ಲಿ 24 ಗಂಟೆಗೊಮ್ಮೆ ಹೊಸದಾಗಿ ಹಾಕಿ. ಎಂಆರ್‌ಎನ್‌ಎ ನೋಡಲು 24 ಗಂಟೆ, ಆಲ್ಫಾ-ಎಸ್‌ಎಂಎ ಪ್ರೋಟೀನ್‌ಗೆ 48, ಹೊರಬಂದ ಕೊಲಾಜನ್‌ಗೆ 72 ಗಂಟೆ ಇಟ್ಟುಕೊಳ್ಳಿ.

ತಡೆಯುವ ಗುಂಪುಗಳು

ಬಿಕ್ಯೂ-123 ಇಟಿ-ಎಯನ್ನು ತಡೆಯುತ್ತದೆ, ಬಿಕ್ಯೂ-788 ಇಟಿ-ಬಿಯನ್ನು. ಎರಡನ್ನೂ 1 ಮೈಕ್ರೋಮೋಲಾರ್‌ನಲ್ಲಿ ಬಳಸಬಹುದು. ಬೋಸೆಂಟಾನ್ ಎರಡನ್ನೂ ತಡೆಯುತ್ತದೆ, 10 ಮೈಕ್ರೋಮೋಲಾರ್ ಸಾಕು. ಡಿಎಂಎಸ್‌ಒ ಎಲ್ಲ ವೆಲ್‌ಗಳಲ್ಲೂ ಸಮನಾಗಿ 0.1% ಮೀರದಿರಲಿ.

ತಡೆಮದ್ದನ್ನು ಪೆಪ್ಟೈಡ್‌ಗಿಂತ 30ರಿಂದ 60 ನಿಮಿಷ ಮೊದಲೇ ಹಾಕಬೇಕು. ಎಂಡೋಥೆಲಿನ್ ರಿಸೆಪ್ಟರ್‌ಗೆ ಒಮ್ಮೆ ಅಂಟಿದರೆ ಬಿಡುವುದು ಬಹಳ ನಿಧಾನ, ಆಮೇಲೆ ಹಾಕಿದ ಮದ್ದು ಅದನ್ನು ಎಬ್ಬಿಸಲಾರದು. ಪೆಪ್ಟೈಡನ್ನು ತೊಳೆದು ತೆಗೆದರೂ ಸಂಕೇತ ನಿಲ್ಲದಿರುವುದಕ್ಕೂ ಇದೇ ಕಾರಣ.

ಗುಂಪುಗಳು ಹೀಗಿರಲಿ: ಬರೀ ವಾಹಕ ದ್ರವ, ಎಂಡೋಥೆಲಿನ್, ಎಂಡೋಥೆಲಿನ್ ಜೊತೆ ಬಿಕ್ಯೂ-123, ಎಂಡೋಥೆಲಿನ್ ಜೊತೆ ಬಿಕ್ಯೂ-788, ಟಿಜಿಎಫ್-ಬೀಟಾ-1 (ಮಿಲೀಗೆ 2ರಿಂದ 5 ನ್ಯಾನೋಗ್ರಾಂ), ಟಿಜಿಎಫ್-ಬೀಟಾ ಜೊತೆ ಬೋಸೆಂಟಾನ್, ಬರೀ ಬೋಸೆಂಟಾನ್. ಕೊನೆಯ ಎರಡು ಗುಂಪುಗಳೇ ಇಡೀ ಪ್ರಯೋಗದ ಜೀವಾಳ. ಟಿಜಿಎಫ್-ಬೀಟಾ ಸಿಕ್ಕ ಫೈಬ್ರೋಬ್ಲಾಸ್ಟ್ ತಾನೇ ಎಂಡೋಥೆಲಿನ್ ತಯಾರಿಸಿ ತನ್ನ ಮೇಲೇ ಸುರಿದುಕೊಳ್ಳುತ್ತದೆ. ಬೋಸೆಂಟಾನ್ ಹಾಕಿದಾಗ ಟಿಜಿಎಫ್-ಬೀಟಾದ ಪರಿಣಾಮದಲ್ಲಿ ಒಂದು ಪಾಲು ಇಳಿದರೆ ಆ ಪಾಲು ಎಂಡೋಥೆಲಿನ್ ಮೂಲಕ ಬಂದದ್ದು ಎನ್ನಬಹುದು. ರೋಗಿಯ ಕೋಶಗಳಲ್ಲಿ ಬರೀ ಬೋಸೆಂಟಾನ್‌ಗೇ ಆಲ್ಫಾ-ಎಸ್‌ಎಂಎ ಇಳಿದರೆ, ಹೊರಗಿನಿಂದ ಏನೂ ಕೊಡದೆಯೂ ಆ ಚಕ್ರ ತಿರುಗುತ್ತಿದೆ ಎಂದರ್ಥ. ಮದ್ದಿನ ಫಲಿತಾಂಶವನ್ನು ಇಟಿ-ಎ ಜೀನಿನ ಎಸ್‌ಐಆರ್‌ಎನ್‌ಎ (ಜೀನನ್ನು ಅಡಗಿಸುವ ಪುಟ್ಟ ಆರ್‌ಎನ್‌ಎ) ಮೂಲಕವೂ ಒಮ್ಮೆ ದೃಢಪಡಿಸಿಕೊಳ್ಳಿ.

ಎಂಡೋಥೆಲಿನ್ ಕನ್ವರ್ಟಿಂಗ್ ಎನ್‌ಜೈಮ್ ತಡೆಯಲು ಫಾಸ್ಫೋರಮಿಡಾನ್ ಬಳಸುವವರಿದ್ದಾರೆ. ಅದು ಎಂಡೋಥೆಲಿನ್ನನ್ನು ಕಡಿಯುವ ನೆಪ್ರಿಲೈಸಿನ್ನನ್ನೂ ತಡೆಯುವುದರಿಂದ, ತಯಾರಿಯೂ ಕಡಿಮೆಯಾಗುತ್ತದೆ, ವಿಲೇವಾರಿಯೂ ಕಡಿಮೆಯಾಗುತ್ತದೆ. ಫಲಿತಾಂಶ ಓದುವುದು ಕಷ್ಟ, ನಮ್ಮ ಮಟ್ಟಿಗೆ ಅದನ್ನು ಬಿಡುವುದೇ ಲೇಸು. ಬಿಕ್ಯೂ-788 ಹಾಕಿದ ವೆಲ್‌ನ ಮೀಡಿಯಂನಲ್ಲಿ ಎಂಡೋಥೆಲಿನ್ ಮಟ್ಟ ಏರಿದರೂ ಗಾಬರಿಯಾಗಬೇಡಿ, ತೆರವಿನ ದಾರಿ ಮುಚ್ಚಿದ್ದೀರಿ ಅಷ್ಟೆ.

ವೆಸ್ಟರ್ನ್ ಮತ್ತು ಕ್ಯೂಪಿಸಿಆರ್‌ನ ಹೊಂಡಗಳು

ಆಲ್ಫಾ-ಎಸ್‌ಎಂಎ 42 ಕಿಲೋಡಾಲ್ಟನ್. ಬೀಟಾ-ಆಕ್ಟಿನ್ ಕೂಡ 42. ಲೋಡಿಂಗ್ ಕಂಟ್ರೋಲ್ ಎಂದು ಬೀಟಾ-ಆಕ್ಟಿನ್ ಇಟ್ಟರೆ ಎರಡು ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆ. ಜಿಎಪಿಡಿಎಚ್ 37ರಲ್ಲಿರುವುದರಿಂದ ಪೊರೆ ಕತ್ತರಿಸಲು ಜಾಗ ಸಿಗದು. 117ರ ಆಸುಪಾಸಿನ ವಿಂಕ್ಯುಲಿನ್ ಒಳ್ಳೆಯ ಆಯ್ಕೆ. ಪ್ರತಿ ಲೇನ್‌ಗೆ 15ರಿಂದ 20 ಮೈಕ್ರೋಗ್ರಾಂ ಪ್ರೋಟೀನ್ ಸಾಕು, ಹೆಚ್ಚು ಹಾಕಿದರೆ ಆಲ್ಫಾ-ಎಸ್‌ಎಂಎ ಸ್ಯಾಚುರೇಟ್ ಆಗಿ ಗುಂಪುಗಳ ವ್ಯತ್ಯಾಸ ಅಳಿಸಿಹೋಗುತ್ತದೆ. 1ಎ4 ಕ್ಲೋನ್ ಆಂಟಿಬಾಡಿ ಆಲ್ಫಾ-ಎಸ್‌ಎಂಎಯನ್ನಷ್ಟೇ ಗುರುತಿಸುತ್ತದೆ, ಎಲ್ಲ ಆಕ್ಟಿನ್ ಹಿಡಿಯುವ ಆಂಟಿಬಾಡಿ ಇಲ್ಲಿ ಕೆಲಸಕ್ಕೆ ಬಾರದು.

ಕ್ಯೂಪಿಸಿಆರ್‌ನಲ್ಲೂ ಆಕ್ಟಿನ್ ಜೀನನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ, ಎಚ್‌ಪಿಆರ್‌ಟಿ-1 ಅಥವಾ ಆರ್‌ಪಿಎಲ್‌ಪಿ-0 ಇರಲಿ. ಎಂಡೋಥೆಲಿನ್‌ನ ಎಂಆರ್‌ಎನ್‌ಎ ಬಹಳ ಅಲ್ಪಾಯುಷಿ, ಸುಮಾರು 15ರಿಂದ 20 ನಿಮಿಷಕ್ಕೆ ಅರ್ಧವಾಗುತ್ತದೆ. 24 ವೆಲ್‌ಗಳನ್ನು ಒಂದೊಂದಾಗಿ ತೊಳೆಯುತ್ತ ಕೂತರೆ ಮೊದಲ ವೆಲ್‌ಗೂ ಕೊನೆಯ ವೆಲ್‌ಗೂ ಇರುವ ವ್ಯತ್ಯಾಸ ನಿಮ್ಮ ಕೈನಿಧಾನದ್ದೇ ಆಗಿರುತ್ತದೆ. ಮೀಡಿಯಂ ಹೀರಿ ನೇರವಾಗಿ ಲೈಸಿಸ್ ದ್ರವ ಸುರಿಯಿರಿ, ಗುಂಪುಗಳ ವೆಲ್‌ಗಳನ್ನು ಪ್ಲೇಟಿನಲ್ಲಿ ಅಲ್ಲಲ್ಲಿ ಹಂಚಿ ಇಡಿ.

ಕೊಲಾಜನ್ ಜೆಲ್ ಕುಗ್ಗುವ ಪರೀಕ್ಷೆ

ಮಯೋಫೈಬ್ರೋಬ್ಲಾಸ್ಟ್ ಎಂದರೆ ಎಳೆಯುವ ಕೋಶ. ಆ ಎಳೆತವನ್ನೇ ಅಳೆಯುವ ಈ ಪರೀಕ್ಷೆಯನ್ನು ವೆಸ್ಟರ್ನ್‌ಗಿಂತ ಹೆಚ್ಚು ನಂಬಬಹುದು, ಆದರೆ ಕೈ ಕುದುರಲು ಕೆಲವು ಸಲ ಬೇಕು. ಮಿಲೀಗೆ 3 ಮಿಲಿಗ್ರಾಂ ಇರುವ ಇಲಿಬಾಲದ ಟೈಪ್-1 ಕೊಲಾಜನ್‌ನಿಂದ ಒಟ್ಟು 6 ಮಿಲೀ (ಅಂತಿಮವಾಗಿ ಮಿಲೀಗೆ 1.5 ಮಿಲಿಗ್ರಾಂ) ಮಾಡುವ ಲೆಕ್ಕ ಹೀಗೆ:

1. ಎಲ್ಲವನ್ನೂ ಮಂಜುಗಡ್ಡೆಯ ಮೇಲಿಡಿ, ಪಿಪೆಟ್ ತುದಿಗಳನ್ನೂ ತಣ್ಣಗೆ ಮಾಡಿ.
2. ಹತ್ತು ಪಟ್ಟು ಡಿಎಂಇಎಂ 0.34 ಮಿಲೀಗೆ ಕೊಲಾಜನ್ 3 ಮಿಲೀ ಸೇರಿಸಿ ಮೆಲ್ಲಗೆ ಬೆರೆಸಿ. ಗುಳ್ಳೆ ಏಳಬಾರದು.
3. 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 0.07 ಮಿಲೀ ಹನಿಹನಿಯಾಗಿ ಹಾಕಿ. ಮೀಡಿಯಂನ ಫಿನಾಲ್ ರೆಡ್ ಹಳದಿಯಿಂದ ತಿಳಿಗೆಂಪಿಗೆ ತಿರುಗಿದಾಗ ನಿಲ್ಲಿಸಿ. ಪಿಎಚ್ 7.2ರಿಂದ 7.4 ಇರಬೇಕು, ಪಿಎಚ್ ಕಾಗದದ ಪಟ್ಟಿಯಲ್ಲಿ ನೋಡಿ.
4. 9 ಲಕ್ಷ ಕೋಶಗಳಿರುವ 2.59 ಮಿಲೀ ಮೀಡಿಯಂ ಸೇರಿಸಿ. ಮಿಲೀಗೆ 1.5 ಲಕ್ಷ ಕೋಶವಾಗುತ್ತದೆ.
5. ಹಿಂದಿನ ರಾತ್ರಿ 1% ಬಿಎಸ್‌ಎ ಹಾಕಿಟ್ಟ 24 ವೆಲ್ ಪ್ಲೇಟಿನಲ್ಲಿ ತಲಾ 0.5 ಮಿಲೀ ಹಾಕಿ. ಲೆಕ್ಕಕ್ಕೆ 12 ವೆಲ್, ಕೈಗೆ ಸಿಗುವುದು 11.
6. 37 ಡಿಗ್ರಿಯಲ್ಲಿ 45ರಿಂದ 60 ನಿಮಿಷ. ಗಟ್ಟಿಯಾದ ಮೇಲೆ ಕಡಿಮೆ ಸೀರಮ್‌ನ ಮೀಡಿಯಂ, ತಡೆಮದ್ದು, ನಂತರ ಪೆಪ್ಟೈಡ್.
7. ಸಪೂರ ಸ್ಪ್ಯಾಚುಲಾದಿಂದ ಅಂಚು ಬಿಡಿಸಿ. 0, 4, 24, 48 ಗಂಟೆಗೆ ಒಂದೇ ಎತ್ತರದಿಂದ ಫೋಟೋ ತೆಗೆದು ಇಮೇಜ್‌ಜೆಯಲ್ಲಿ ವಿಸ್ತೀರ್ಣ ಅಳೆಯಿರಿ.

ಜೆಲ್ ಗಟ್ಟಿಯಾಗದಿದ್ದರೆ ಪಿಎಚ್ ಕಡಿಮೆ ಇದೆ. ಬೆರೆಸುವಾಗಲೇ ದಾರದಂತೆ ಗಟ್ಟಿಯಾದರೆ ಎಲ್ಲೋ ಬಿಸಿ ತಗುಲಿದೆ. ಕಂಟ್ರೋಲ್ ಕೂಡ ರಾತ್ರಿಯೊಳಗೆ ಪೂರ್ತಿ ಕುಗ್ಗಿದರೆ ಕೋಶ ಹೆಚ್ಚಾಗಿವೆ ಅಥವಾ ಸೀರಮ್ ಉಳಿದಿದೆ. ಒಂದೇ ಬದಿಗೆ ಎಳೆದು ಬಾಳೆಕಾಯಿಯಂತಾದರೆ ಅಂಚು ಪೂರ್ತಿ ಬಿಟ್ಟಿಲ್ಲ, ಆ ವೆಲ್ ಲೆಕ್ಕದಿಂದ ತೆಗೆಯಿರಿ. ಆದರೆ ತೆಗೆಯುವ ನಿಯಮವನ್ನು ಫೋಟೋ ನೋಡುವ ಮೊದಲೇ ಬರೆದಿಟ್ಟಿರಬೇಕು.

ಇಲಿಯ ಮಾದರಿ

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮೊದಲು ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಸಿ57ಬಿಎಲ್/6 ತಳಿಗೆ ಬ್ಲಿಯೋಮೈಸಿನ್ (ಶ್ವಾಸಕೋಶಕ್ಕೆ ಗಾಯ ಮಾಡುವ ಕ್ಯಾನ್ಸರ್ ಮದ್ದು) ತಾಗುತ್ತದೆ, ಬಾಲ್ಬ್/ಸಿ ತಳಿ ಅಷ್ಟಾಗಿ ಬಗ್ಗದು. 8ರಿಂದ 10 ವಾರದ ಇಲಿಗೆ, ಕೆಜಿಗೆ 1ರಿಂದ 3 ಯೂನಿಟ್ ನಡುವೆ, ಶ್ವಾಸನಾಳಕ್ಕೆ ಒಂದೇ ಸಲ ಕೊಡುವುದು ರೂಢಿ. 1.5 ಯೂನಿಟ್ ಆದರೆ 25 ಗ್ರಾಂ ಇಲಿಗೆ 0.0375 ಯೂನಿಟ್. 15 ಯೂನಿಟ್‌ನ ಶೀಶೆಯನ್ನು 20 ಮಿಲೀ ಸಲೈನ್‌ನಲ್ಲಿ ಕರಗಿಸಿದರೆ 50 ಮೈಕ್ರೋಲೀಟರ್‌ನಲ್ಲಿ ಅಷ್ಟೇ ಬರುತ್ತದೆ. ಲೇಬಲ್ ಎಚ್ಚರದಿಂದ ಓದಿ: ಯುಎಸ್‌ಪಿ ಯೂನಿಟ್ ಒಂದು, ಅಂತರರಾಷ್ಟ್ರೀಯ ಯೂನಿಟ್ ಸಾವಿರಕ್ಕೆ ಸಮ. ಇಲ್ಲಿ ತಪ್ಪಿದರೆ ಇಲಿಗಳೆಲ್ಲ ಸಾಯುತ್ತವೆ ಅಥವಾ ಒಂದಕ್ಕೂ ಏನೂ ಆಗುವುದಿಲ್ಲ. ಬ್ಯಾಚ್‌ನಿಂದ ಬ್ಯಾಚ್‌ಗೆ ಕಸುವು ಬದಲಾಗುವುದರಿಂದ ಮೂರು ಪ್ರಮಾಣಗಳ ಸಣ್ಣ ಪೂರ್ವಪರೀಕ್ಷೆ ಬೇಕೇ ಬೇಕು. ತೂಕ 20% ಇಳಿದ ಇಲಿಯನ್ನು ನರಳಲು ಬಿಡದೆ ಪ್ರಯೋಗದಿಂದ ಹೊರತೆಗೆದು ನೋವಿಲ್ಲದೆ ಮುಗಿಸಬೇಕು.

ಮದ್ದು ಶುರುಮಾಡುವ ದಿನವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮೊದಲ ವಾರ ಬ್ಲಿಯೋಮೈಸಿನ್ ಮಾಡುವುದು ಉರಿಯೂತ, ಕಲೆ ಬೆಳೆಯುವುದು ಅದರ ನಂತರ, 14ರಿಂದ 28ನೇ ದಿನದ ನಡುವೆ ಅದು ಉತ್ತುಂಗದಲ್ಲಿರುತ್ತದೆ. ಮೊದಲ ದಿನದಿಂದಲೇ ಬೋಸೆಂಟಾನ್ ಕೊಟ್ಟು ಕೊಲಾಜನ್ ಇಳಿಯಿತೆಂದರೆ ನೀವು ಉರಿಯೂತ ತಡೆದಿರಬಹುದು, ಕಲೆಯನ್ನಲ್ಲ. ಆಸ್ಪತ್ರೆಗೆ ಬರುವ ರೋಗಿಗೆ ಆಗಲೇ ಕಲೆ ಇರುತ್ತದೆ. 10ನೇ ದಿನಕ್ಕೆ ಶುರು ಮಾಡಿ 21 ಅಥವಾ 28ನೇ ದಿನಕ್ಕೆ ನಿಲ್ಲಿಸಿ. ಬಹಳ ತಡವೂ ಆಗಬಾರದು: ಎಳೆಯ ಇಲಿಯಲ್ಲಿ ಈ ಕಲೆ ತಾನಾಗಿಯೇ ಕರಗತೊಡಗುತ್ತದೆ, ಆ ಇಳಿಕೆಯ ಶ್ರೇಯಸ್ಸು ಮದ್ದಿಗೆ ಹೋಗುತ್ತದೆ. ಬೋಸೆಂಟಾನ್ ಕೆಜಿಗೆ ದಿನಕ್ಕೆ 100 ಮಿಲಿಗ್ರಾಂ ಬಾಯಿಯ ಮೂಲಕ ಕೊಟ್ಟ ಅಧ್ಯಯನಗಳಿವೆ. ಹೋಲಿಕೆಗೆ ಫೈಬ್ರೋಸಿಸ್‌ಗೆ ಬಳಕೆಯಲ್ಲಿರುವ ನಿಂಟೆಡಾನಿಬ್ (ಕೆಜಿಗೆ ದಿನಕ್ಕೆ 60 ಮಿಲಿಗ್ರಾಂ) ಗುಂಪು ಒಂದಿರಲಿ, ಪ್ರಯೋಗ ಸರಿಯಾಗಿ ನಡೆದಿದೆ ಎಂಬುದಕ್ಕೆ ಅದೇ ಸಾಕ್ಷಿ. ಮದ್ದು ರಿಸೆಪ್ಟರ್ ಮುಟ್ಟಿದೆಯೇ ಎಂದು ತಿಳಿಯಲು ಪ್ಲಾಸ್ಮಾದ ಎಂಡೋಥೆಲಿನ್ ಅಳೆಯಿರಿ. ಇಟಿ-ಬಿ ಮುಚ್ಚಿದ್ದರೆ ಅದು ಏರಬೇಕು, ಇಳಿಯಬಾರದು. ಬೋಸೆಂಟಾನ್ ಗರ್ಭಕ್ಕೆ ಹಾನಿಕರ. ಲ್ಯಾಬಿನಲ್ಲಿ ಗರ್ಭಿಣಿಯರಿದ್ದರೆ ಅದರ ಪುಡಿ, ದ್ರಾವಣ, ಪಂಜರದ ಹಾಸು ಯಾವುದನ್ನೂ ಅವರ ಕೈಗೆ ಕೊಡಬಾರದು.

ಕೊಲಾಜನ್ ಅಳೆಯಲು ಹೈಡ್ರಾಕ್ಸಿಪ್ರೊಲೀನ್ ನಂಬಿಕಸ್ತ ದಾರಿ, ಕೊಲಾಜನ್ ತೂಕದ ಸುಮಾರು 13ರಿಂದ 14% ಅದೇ. ಬಲಗಡೆಯ ಎಲ್ಲ ಹಾಲೆಗಳನ್ನೂ ಸೇರಿಸಿ ತೆಗೆದುಕೊಳ್ಳಿ. ಕಲೆ ಅಲ್ಲಲ್ಲಿ ಮೂಡುವುದರಿಂದ ಒಂದೇ ಹಾಲೆ ಮೋಸ ಮಾಡುತ್ತದೆ. 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ತಿರುಗಿಸಿ ಬಿಗಿಯುವ ಮುಚ್ಚಳದ ಗಾಜಿನ ಟ್ಯೂಬಿನಲ್ಲಿ, 110 ಡಿಗ್ರಿಗೆ 18ರಿಂದ 24 ಗಂಟೆ. ಸೋಸಿ, ಆಮ್ಲವನ್ನು ಪೂರ್ತಿ ಒಣಗಿಸಿ ಅಥವಾ ತಟಸ್ಥಗೊಳಿಸಿ. ಉಳಿದ ಆಮ್ಲ ಬಣ್ಣವನ್ನು ಮಂಕು ಮಾಡುತ್ತದೆ, ಕಡಿಮೆ ಅಂಕಿ ಬರಲು ಇದೇ ಸಾಮಾನ್ಯ ಕಾರಣ. ಕ್ಲೋರಮೈನ್-ಟಿ ಹಾಕಿ ಕೋಣೆಯ ಬಿಸಿಯಲ್ಲಿ 20 ನಿಮಿಷ, ಎರ್ಲಿಕ್ ರೀಏಜೆಂಟ್ ಹಾಕಿ 65 ಡಿಗ್ರಿಯಲ್ಲಿ 15ರಿಂದ 20 ನಿಮಿಷ, 560 ನ್ಯಾನೋಮೀಟರ್‌ನಲ್ಲಿ ಓದು. ಫಲಿತಾಂಶವನ್ನು ಅಂಗಾಂಶದ ಮಿಲಿಗ್ರಾಂಗೆ ಇಷ್ಟು ಎಂದು ಬರೆಯಬೇಡಿ, ಒಟ್ಟು ಬಲ ಶ್ವಾಸಕೋಶಕ್ಕೆ ಇಷ್ಟು ಎಂದು ಬರೆಯಿರಿ. ನೀರು ತುಂಬಿ ಊದಿದ ಶ್ವಾಸಕೋಶದಲ್ಲಿ ಮಿಲಿಗ್ರಾಂ ಲೆಕ್ಕ ಕಲೆಯನ್ನು ಮರೆಮಾಚುತ್ತದೆ. ಎಡಗಡೆಯದನ್ನು 25 ಸೆಂಮೀ ನೀರಿನ ಒತ್ತಡದಲ್ಲಿ ಫಾರ್ಮಲಿನ್ ತುಂಬಿಸಿ ಸ್ಲೈಡ್ ಮಾಡಿ, ಯಾವುದು ಯಾವ ಗುಂಪೆಂದು ತಿಳಿಯದವರಿಂದ ಆಷ್‌ಕ್ರಾಫ್ಟ್ ಅಂಕ (ಕಲೆಯ ತೀವ್ರತೆಗೆ, 0ರಿಂದ 8) ಹಾಕಿಸಿ.

ರೋಗಿಗಳ ರಕ್ತದಲ್ಲಿ ಅಳೆಯುವುದಾದರೆ

ಇಡಿಟಿಎ ಟ್ಯೂಬಿಗೆ ರಕ್ತ ತೆಗೆದ ಕೂಡಲೇ ಮಂಜುಗಡ್ಡೆಗೆ ಇಡಿ, 30 ನಿಮಿಷದೊಳಗೆ 4 ಡಿಗ್ರಿಯಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಹಂಚಿ ಮೈನಸ್ 80ಕ್ಕೆ. ಕಿಟ್ ಕೊಳ್ಳುವಾಗ ಬಿಗ್ ಎಂಡೋಥೆಲಿನ್ ಮತ್ತು ಎಂಡೋಥೆಲಿನ್-2ಕ್ಕೆ ಅದು ಎಷ್ಟು ಪ್ರತಿಕ್ರಿಯಿಸುತ್ತದೆ ಎಂದು ನೋಡಿ. ಎರಡನೆಯದು ಬರೀ ಎರಡು ಅಮೈನೋ ಆಮ್ಲಗಳಲ್ಲಿ ಬೇರೆ. ಶ್ವಾಸಕೋಶ ತೊಳೆದ ದ್ರವವಾದರೆ ಎಷ್ಟು ತೆಳುವಾಗಿದೆ ಎಂಬುದನ್ನು ಯೂರಿಯಾ ಅಳೆದು ಸರಿಪಡಿಸಿ.

ಪೆಪ್ಟೈಡ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಒಳಪದರದ ಕೋಶಗಳು ಅದರ ಹೆಚ್ಚಿನ ಪಾಲನ್ನು ರಕ್ತದ ಕಡೆಗಲ್ಲ, ಹಿಂಬದಿಯ ಸ್ನಾಯುವಿನ ಕಡೆಗೆ ಬಿಡುತ್ತವೆ. ಹಾಗಾಗಿ ಪ್ಲಾಸ್ಮಾದ ಅಂಕಿ ಅಂಗಾಂಶದ ಕತೆ ಹೇಳುವುದಿಲ್ಲ. ಶ್ವಾಸಕೋಶದ ರಕ್ತದೊತ್ತಡ ಏರಿದ್ದರೂ ಎಂಡೋಥೆಲಿನ್ ಏರುತ್ತದೆ, ಫೈಬ್ರೋಸಿಸ್ ಇರುವ ಅನೇಕರಿಗೆ ಆ ಒತ್ತಡವೂ ಇರುತ್ತದೆ. ಪ್ರತಿಯೊಬ್ಬರ ಎಕೋ ವರದಿ ಪಟ್ಟಿಯಲ್ಲಿಲ್ಲದಿದ್ದರೆ, ಹೆಚ್ಚಿದ ಎಂಡೋಥೆಲಿನ್ನನ್ನು ಕಲೆಗೆ ಗಂಟು ಹಾಕುವುದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ರೋಗದ ಬಗೆಯನ್ನೂ ಬೇರ್ಪಡಿಸಿ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಶ್ವಾಸಕೋಶದ ಒಳಗೋಡೆಗಳ ರೋಗಗಳು) ನೋಂದಣಿಯ 1,084 ರೋಗಿಗಳಲ್ಲಿ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ (ಉಸಿರಿನಲ್ಲಿ ಹೋದ ಧೂಳಿನಂಥವಕ್ಕೆ ಅಲರ್ಜಿಯಿಂದ ಬರುವ ರೋಗ) 47.3%, ಐಪಿಎಫ್ (ಕಾರಣ ತಿಳಿಯದ ಫೈಬ್ರೋಸಿಸ್) 13.7% ಮಾತ್ರ. ನಮ್ಮ ವಾರ್ಡುಗಳಲ್ಲಿ "ಫೈಬ್ರೋಸಿಸ್" ಎಂದು ಒಟ್ಟುಗೂಡಿಸಿದ ಮಾದರಿಗಳ ಮೇಲೆ, ಯುರೋಪ್-ಅಮೆರಿಕದ ಐಪಿಎಫ್ ಫಲಿತಾಂಶವನ್ನು ನೇರವಾಗಿ ಇಳಿಸುವಂತಿಲ್ಲ.

ಸೋತ ಟ್ರಯಲ್‌ಗಳನ್ನು ಚರ್ಚೆಯಲ್ಲಿ ಸೇರಿಸುವ ಬಗೆ

ಐಪಿಎಫ್ ರೋಗಿಗಳ ಮೇಲಿನ ಬಿಲ್ಡ್-1 ಟ್ರಯಲ್‌ನಲ್ಲಿ (2008, 158 ರೋಗಿಗಳು) ಬೋಸೆಂಟಾನ್ ಆರು ನಿಮಿಷದ ನಡಿಗೆಯನ್ನು ಹೆಚ್ಚಿಸಲಿಲ್ಲ. ಬಯಾಪ್ಸಿಯಾದ 616 ರೋಗಿಗಳ ಬಿಲ್ಡ್-3 (2011) ಕೂಡ ರೋಗದ ಮುನ್ನಡೆ ತಡೆಯಲಿಲ್ಲ. ಮ್ಯೂಸಿಕ್ ಟ್ರಯಲ್‌ನಲ್ಲಿ (2013, 178 ರೋಗಿಗಳು) ಎರಡೂ ರಿಸೆಪ್ಟರ್ ತಡೆಯುವ ಮ್ಯಾಸಿಟೆಂಟಾನ್ ಶ್ವಾಸದ ಪ್ರಮಾಣ ಉಳಿಸಲಿಲ್ಲ. ಇಟಿ-ಎಯನ್ನು ಮಾತ್ರ ತಡೆಯುವ ಆಂಬ್ರಿಸೆಂಟಾನ್‌ನ ಆರ್ಟೆಮಿಸ್-ಐಪಿಎಫ್ (2013, 492 ರೋಗಿಗಳು) ಅರ್ಧಕ್ಕೇ ನಿಂತಿತು: ಮದ್ದು ಪಡೆದವರಲ್ಲಿ 27.4% ಮಂದಿಗೆ ರೋಗ ಮುಂದುವರಿಯಿತು, ಪಡೆಯದವರಲ್ಲಿ 17.2%. 2015ರ ಅಂತರರಾಷ್ಟ್ರೀಯ ಮಾರ್ಗಸೂಚಿ ಐಪಿಎಫ್‌ಗೆ ಆಂಬ್ರಿಸೆಂಟಾನ್ ಕೊಡಲೇಬಾರದು ಎಂದು ಬಲವಾಗಿ ಹೇಳಿತು, ಉಳಿದೆರಡರ ವಿರುದ್ಧ ಷರತ್ತಿನ ಸಲಹೆ ಕೊಟ್ಟಿತು. ಶ್ವಾಸಕೋಶದ ರಕ್ತದೊತ್ತಡಕ್ಕೆ ಈ ಮದ್ದುಗಳು ಅಂಗಡಿಯಲ್ಲಿ ಸಿಗುತ್ತವೆಂದು ಯಾರಾದರೂ ಪ್ಲೇಟಿನ ಫಲಿತಾಂಶ ತೋರಿಸಿ ಫೈಬ್ರೋಸಿಸ್ ರೋಗಿಗೆ ಸೂಚಿಸಿದರೆ ಅದು ಅಪಾಯ.

ಇಟಿ-ಎ ಮಾತ್ರ ಮುಚ್ಚಿದ ಮದ್ದೇ ಏಕೆ ಕೆಟ್ಟ ಫಲ ಕೊಟ್ಟಿತು ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ. ನಿಮ್ಮ ಬಿಕ್ಯೂ-123 ಮತ್ತು ಬೋಸೆಂಟಾನ್ ವೆಲ್‌ಗಳ ನಡುವೆ ವ್ಯತ್ಯಾಸ ಬಂದರೆ ಅದು ಬೆಲೆಯುಳ್ಳದ್ದು, ಪಕ್ಕಕ್ಕಿಡಬೇಡಿ. ಫಲಿತಾಂಶ ಬರೆಯುವಾಗ ಕೋಶದ ಮೂಲ, ನೆಲದ ಬಿಗಿತ, ಪೆಪ್ಟೈಡ್ ಪ್ರಮಾಣ, ತಡೆಮದ್ದು ಹಾಕಿದ ಹೊತ್ತು, ಇವು ನಾಲ್ಕೂ ಒಂದೇ ವಾಕ್ಯದಲ್ಲಿ ಇರಲಿ: "ಮೂವರು ಐಪಿಎಫ್ ರೋಗಿಗಳ ಫೈಬ್ರೋಬ್ಲಾಸ್ಟ್‌ಗಳಲ್ಲಿ, 2 ಕಿಲೋಪ್ಯಾಸ್ಕಲ್ ಜೆಲ್ ಮೇಲೆ, 1 ನ್ಯಾನೋಮೋಲಾರ್ ಎಂಡೋಥೆಲಿನ್-1 ಹೆಚ್ಚಿಸಿದ ಆಲ್ಫಾ-ಎಸ್‌ಎಂಎಯನ್ನು, ಒಂದು ಗಂಟೆ ಮೊದಲು ಹಾಕಿದ ಬಿಕ್ಯೂ-123 ತಗ್ಗಿಸಿತು." ಇದರಲ್ಲಿ "ಚಿಕಿತ್ಸೆ" ಎಂಬ ಪದಕ್ಕೆ ಜಾಗವಿಲ್ಲ.